ಫೋಟೋ ಒಂದೇ ಕಡೆ ಇರುವ ಹೊತ್ತು

ಅಜ್ಜಿ ಕ್ಯಾಮೆರಾ ಮುಂದೆ ನಗುತ್ತಲೇ ಇರಲಿಲ್ಲ. ಕ್ಯಾಮೆರಾ ಕಣ್ಣಿಗೆ ಬಿದ್ದರೆ ಸಾಕು, ಕನ್ನಡಕ ಸರಿಮಾಡಿಕೊಂಡು, ತುಟಿ ಬಿಗಿ ಮಾಡಿ, ಪಾಸ್‌ಪೋರ್ಟ್ ಫೋಟೋಗೆ ಕೂತವರ ಹಾಗೆ ನೆಟ್ಟಗೆ ಕೂತುಬಿಡುತ್ತಿದ್ದರು. ಒಂದೇ ಒಂದು ದಿನ, ಮನೆಯವರೆಲ್ಲ ಸೇರಿದ್ದಾಗ, ಮನೆಯ ಪುಟ್ಟ ಮಗು ಅವರ ಕನ್ನಡಕ ಕಿತ್ತುಕೊಂಡು ತಾನೇ ಹಾಕಿಕೊಂಡಿತು. ಅಜ್ಜಿ ಬಾಯಿ ತುಂಬ ನಕ್ಕರು. ನಾನು ಬಟನ್ ಒತ್ತಿ ಹಿಡಿದೆ. 11 ಫೋಟೋ ಬಂದವು. ಕ್ಯಾಮೆರಾದ ಹಿಂದಿನ ಚಿಕ್ಕ ಪರದೆಯಲ್ಲಿ ಎಲ್ಲವನ್ನೂ ಒಂದೊಂದಾಗಿ ನೋಡಿದ್ದೆ. ಎಲ್ಲವೂ ಚೆನ್ನಾಗಿದ್ದವು.

ಆ 11ರಲ್ಲಿ ಇವತ್ತು ನನ್ನ ಹತ್ತಿರ ಉಳಿದಿರುವುದು 3. ಅದರಲ್ಲೂ ಒಂದು ಅರ್ಧ ಮಾತ್ರ. ಹಣೆ, ಕಣ್ಣು, ಕಣ್ಣಿನ ಸುತ್ತ ಕೂಡಿಕೊಂಡ ಸುಕ್ಕು, ಮೂಗಿನ ತುದಿಯವರೆಗೆ ಎಲ್ಲ ಸರಿಯಾಗಿದೆ. ಅಲ್ಲಿಂದ ಕೆಳಗೆ ಬರೀ ಬೂದು ಬಣ್ಣ. ನಗು ಇರಬೇಕಾದ ಜಾಗದಲ್ಲಿ ಒಂದು ಬೂದು ಪಟ್ಟಿ.

ಆಗಿದ್ದು ಇಷ್ಟು. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಹಳೆಯ ಕಾರ್ಡ್ ರೀಡರಿಗೆ, ಅಂದರೆ ಕಾರ್ಡಿನಲ್ಲಿರುವುದನ್ನು ಕಂಪ್ಯೂಟರಿಗೆ ದಾಟಿಸುವ ಪುಟ್ಟ ಡಬ್ಬಿಗೆ, ಹಾಕಿ ಕಾಪಿ ಮಾಡಲು ಬಿಟ್ಟೆ. ರೀಡರಿನ ಸ್ಲಾಟ್ ಸಡಿಲವಾಗಿತ್ತು, ಅದು ನನಗೆ ಗೊತ್ತಿತ್ತು. ಕಾರ್ಡನ್ನು ಸ್ವಲ್ಪ ಎಡಕ್ಕೆ ಒತ್ತಿ ಇಟ್ಟರೆ ಕೆಲಸ ಮಾಡುತ್ತಿತ್ತು. ಪರದೆಯ ಮೇಲೆ ‘ಇನ್ನೂ 40 ನಿಮಿಷ’ ಅಂತ ಬಂತು. ನಡುವೆ ಎಷ್ಟೋ ಸಲ ಸಂಪರ್ಕ ತಪ್ಪಿ, ಈ ಫೈಲ್ ಓದಲು ಆಗುತ್ತಿಲ್ಲ, ಏನು ಮಾಡಲಿ ಅಂತ ಕೇಳಿತು. ನಿದ್ದೆಗಣ್ಣಲ್ಲಿ ಪ್ರತಿ ಸಲವೂ ‘ಬಿಟ್ಟು ಮುಂದೆ ಹೋಗು’ ಒತ್ತಿದೆ. ಬೆಳಿಗ್ಗೆ ನೋಡಿದರೆ ಕಾಪಿ ಮುಗಿದಿತ್ತು. ಕಾರ್ಡ್ ಫಾರ್ಮ್ಯಾಟ್ ಮಾಡಿ ಮತ್ತೆ ಕ್ಯಾಮೆರಾಗೆ ಹಾಕಿಕೊಂಡು ಹೊರಟುಬಿಟ್ಟೆ. ಫೋಲ್ಡರ್ ತೆರೆದು ನೋಡಿದ್ದು ಒಂದು ವಾರ ಕಳೆದ ಮೇಲೆ.

ಫಾರ್ಮ್ಯಾಟ್ ಮಾಡಿದರೂ ಕಾರ್ಡಿನಲ್ಲಿರುವುದು ಸಾಮಾನ್ಯವಾಗಿ ತಕ್ಷಣ ಅಳಿಸಿ ಹೋಗುವುದಿಲ್ಲ. ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿ ಮಾತ್ರ ಖಾಲಿಯಾಗುತ್ತದೆ. ಅದರ ಮೇಲೆ ಹೊಸದನ್ನು ಬರೆಯದೇ ಇದ್ದರೆ ಮರಳಿ ಪಡೆಯುವ ಸಾಫ್ಟ್‌ವೇರ್‌ಗಳಿವೆ, ಅವು ಎಷ್ಟೋ ಸಲ ಕೈ ಹಿಡಿಯುತ್ತವೆ. ನಾನು ಆ ವಾರವೆಲ್ಲ ಅದೇ ಕಾರ್ಡಿನಲ್ಲಿ ಫೋಟೋ ತೆಗೆದಿದ್ದೆ. ಅಜ್ಜಿಯ ನಗುವಿನ ಮೇಲೆ ಯಾವುದೋ ಮರ, ಯಾವುದೋ ಮೋಡ ಬಂದು ಕೂತಿದ್ದವು.

ಅಲ್ಲಿಯವರೆಗೆ ಕಾರ್ಡ್ ರೀಡರ್ ಅಂದರೆ ನನಗೆ ಒಂದು ಚಿಲ್ಲರೆ ಸಾಮಾನು. ಲೆನ್ಸ್ ಕೊಳ್ಳುವ ಮೊದಲು ತಿಂಗಳುಗಟ್ಟಲೆ ಓದುತ್ತೇವೆ, ಹೋಲಿಸುತ್ತೇವೆ, ಗೆಳೆಯರನ್ನು ಕೇಳುತ್ತೇವೆ. ರೀಡರನ್ನು ಮಾತ್ರ ಕೈಗೆ ಸಿಕ್ಕಿದ್ದು ತಂದುಬಿಡುತ್ತೇವೆ. ಆದರೆ ತೆಗೆದ ಪ್ರತಿಯೊಂದು ಫೋಟೋ ಆ ಪುಟ್ಟ ಡಬ್ಬಿಯ ಮೂಲಕವೇ ಹಾದು ಬರಬೇಕು ಅಲ್ವಾ? ಹಾದು ಬರುವ ಆ ಹೊತ್ತಿನಲ್ಲಿ ಫೋಟೋ ಇಡೀ ಜಗತ್ತಿನಲ್ಲಿ ಒಂದೇ ಕಡೆ ಇರುತ್ತದೆ, ಅಂಚೆಚೀಟಿಯಷ್ಟು ಗಾತ್ರದ ಒಂದು ಪ್ಲಾಸ್ಟಿಕ್ ಚೂರಿನಲ್ಲಿ. ವೇಗದ ರೀಡರ್ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಸಮಯ ಉಳಿತಾಯ ಆಮೇಲಿನ ಮಾತು. ಮೊದಲು, ಫೋಟೋ ಒಂದೇ ಕಡೆ ಇರುವ ಆ ಹೊತ್ತು ಚಿಕ್ಕದಾಗಬೇಕು. ಅರ್ಧ ಗಂಟೆಯ ಕಾಪಿಯನ್ನು ಯಾರೂ ಕೂತು ನೋಡುವುದಿಲ್ಲ. ನಾಲ್ಕು ನಿಮಿಷದ್ದಾದರೆ ನೋಡುತ್ತೇವೆ.

ಈ ಅರ್ಧ ಗಂಟೆ, ನಾಲ್ಕು ನಿಮಿಷ ಅನ್ನುವುದು ಸುಮ್ನೆ ಹೇಳಿದ ಮಾತಲ್ಲ. 64 ಜಿಬಿ ತುಂಬಿದ ಒಂದು ಕಾರ್ಡ್ ಇದೆ ಅಂದುಕೊಳ್ಳಿ. ಯುಎಸ್‌ಬಿ 2.0 ರೀಡರ್ ಹೆಸರಿಗೆ ಸೆಕೆಂಡಿಗೆ 480 ಮೆಗಾಬಿಟ್. 8 ಬಿಟ್ ಸೇರಿದರೆ 1 ಬೈಟ್, ಹಾಗಾಗಿ ಅದು 60 ಮೆಗಾಬೈಟ್ (ಎಂಬಿ) ಆಗುತ್ತದೆ. ಕೈಗೆ ಸಿಗುವುದು ಇನ್ನೂ ಕಡಿಮೆ, 35ರಿಂದ 40 ಎಂಬಿ. 35ರ ಲೆಕ್ಕದಲ್ಲಿ 64 ಜಿಬಿಗೆ ಅರ್ಧ ಗಂಟೆ ಬೇಕು. ಅದೇ ಕಾರ್ಡ್ 90 ಎಂಬಿ ವೇಗದಲ್ಲಿ ಬಂದರೆ 12 ನಿಮಿಷ. 250 ಎಂಬಿ ವೇಗದಲ್ಲಾದರೆ ನಾಲ್ಕೂಕಾಲು ನಿಮಿಷ. ಕಾರ್ಡ್ ಬದಲಾಗಿಲ್ಲ, ಕಂಪ್ಯೂಟರ್ ಬದಲಾಗಿಲ್ಲ, ನಡುವಿನ ಡಬ್ಬಿಯೊಂದೇ ಬದಲಾದರೂ ಇಷ್ಟು ವ್ಯತ್ಯಾಸ ಆಗಬಹುದು.

‘ಆಗಬಹುದು’ ಅಂದೆ, ‘ಆಗುತ್ತದೆ’ ಅನ್ನಲಿಲ್ಲ. ಇಲ್ಲೇ ಬಹಳ ಜನ ಎಡವುವುದು. ಹೊಸ ರೀಡರ್ ತಂದು ಹಾಕುತ್ತಾರೆ, ವೇಗ ಕಿಂಚಿತ್ತೂ ಬದಲಾಗುವುದಿಲ್ಲ. ಕಾರ್ಡ್, ರೀಡರ್, ಕೇಬಲ್, ಕಂಪ್ಯೂಟರಿನ ಪೋರ್ಟ್, ಕೊನೆಗೆ ಫೋಟೋ ಹೋಗಿ ಕೂರುವ ಡಿಸ್ಕ್, ಇವೆಲ್ಲ ಒಂದೇ ಪೈಪಿನ ತುಂಡುಗಳಿದ್ದ ಹಾಗೆ. ಯಾವ ತುಂಡು ಎಲ್ಲಕ್ಕಿಂತ ಸಣ್ಣದೋ ನೀರು ಅದರಷ್ಟೇ ಬರುತ್ತದೆ. ರೀಡರ್ ಆರಿಸುವುದು ಅಂದರೆ ನಿಮ್ಮ ಪೈಪಿನಲ್ಲಿ ಸಣ್ಣ ತುಂಡು ಯಾವುದು ಅಂತ ಮೊದಲು ಹುಡುಕುವುದು.

ಕಾರ್ಡಿನಿಂದಲೇ ಶುರು ಮಾಡೋಣ. ಹೆಚ್ಚಿನ ಕ್ಯಾಮೆರಾಗಳಲ್ಲಿ ಇರುವ ಎಸ್‌ಡಿ ಕಾರ್ಡನ್ನು 1999ರಲ್ಲಿ ಸ್ಯಾನ್‌ಡಿಸ್ಕ್, ಪ್ಯಾನಾಸೋನಿಕ್ ಮತ್ತು ತೋಷಿಬಾ ಸೇರಿ ಹೊರತಂದವು. ಅಂದಿನಿಂದ ಆಕಾರ ಬದಲಾಗಿಲ್ಲ, ಆದರೆ ಒಳಗಿನದೆಲ್ಲ ಬದಲಾಗಿದೆ. ಗೊಂದಲಕ್ಕೆ ಕಾರಣವೇ ಇದು. ಇಪ್ಪತ್ತು ವರ್ಷ ಹಳೆಯ ಕಾರ್ಡೂ ಇವತ್ತಿನ ಕಾರ್ಡೂ ಒಂದೇ ಸ್ಲಾಟಿಗೆ ಹೋಗುತ್ತವೆ, ನೋಡಲು ಒಂದೇ ತರ ಇರುತ್ತವೆ. ಈಗ ಕೈಯಲ್ಲಿರುವ ಕಾರ್ಡನ್ನು ತಿರುಗಿಸಿ ಹಿಂಭಾಗ ನೋಡಿ. ಚಿನ್ನದ ಬಣ್ಣದ ಪಿನ್ನುಗಳು ಒಂದೇ ಸಾಲು ಇದ್ದರೆ ಅದು ಯುಎಚ್‌ಎಸ್-1 (ಯುಎಚ್‌ಎಸ್ ಅನ್ನುವುದು ಕಾರ್ಡಿಗೂ ರೀಡರಿಗೂ ನಡುವಿನ ವೇಗದ ದಾರಿಯ ಹೆಸರು) ಅಥವಾ ಅದಕ್ಕಿಂತ ಹಳೆಯದು. ಅದರ ಕೆಳಗೆ ಇನ್ನೊಂದು ಸಾಲು ಇದ್ದರೆ ಯುಎಚ್‌ಎಸ್-2. ಮುಂಭಾಗದಲ್ಲಿ ಇದನ್ನೇ ರೋಮನ್ ಅಂಕಿಯಲ್ಲಿ ಚಿಕ್ಕದಾಗಿ ಬರೆದಿರುತ್ತಾರೆ. ಯುಎಚ್‌ಎಸ್-1ರ ಮಿತಿ ಸೆಕೆಂಡಿಗೆ 104 ಎಂಬಿ, ಯುಎಚ್‌ಎಸ್-2ರ ಮಿತಿ 312 ಎಂಬಿ. ಆ ಎರಡನೇ ಸಾಲೇ ಅಷ್ಟು ವ್ಯತ್ಯಾಸ ತರುವುದು.

ರೀಡರಿನ ಒಳಗೂ ಆ ಎರಡನೇ ಸಾಲನ್ನು ಮುಟ್ಟುವ ಪಿನ್ನುಗಳು ಇರಬೇಕು. ಇಲ್ಲದಿದ್ದರೆ ಕಾರ್ಡ್ ಚೆನ್ನಾಗಿಯೇ ಓದಿಸಿಕೊಳ್ಳುತ್ತದೆ, ಆದರೆ ಯುಎಚ್‌ಎಸ್-1ರ ವೇಗದಲ್ಲಿ. ತಪ್ಪಾಗಿದೆ ಅಂತ ಯಾರೂ ಹೇಳುವುದಿಲ್ಲ, ಪರದೆಯ ಮೇಲೆ ಏನೂ ಬರುವುದಿಲ್ಲ. ದುಬಾರಿ ಕಾರ್ಡ್ ಹಾಕಿಕೊಂಡು ವರ್ಷಗಟ್ಟಲೆ ಅದರ ಮೂರನೇ ಒಂದು ಪಾಲು ವೇಗದಲ್ಲಿ ಕೆಲಸ ಮಾಡುತ್ತಿರುವವರು ನನಗೇ ಇಬ್ಬರು ಗೊತ್ತು. ರೀಡರಿನ ಮೇಲೆ ‘ಯುಎಸ್‌ಬಿ 3.0’ ಅಂತ ದೊಡ್ಡದಾಗಿ ಇರುತ್ತದೆ. ಅದು ಕಂಪ್ಯೂಟರ್ ಕಡೆಯ ವೇಗ ಮಾತ್ರ. ಕಾರ್ಡ್ ಕಡೆಯ ವೇಗ ಬೇರೆ. ಎರಡನ್ನೂ ಕೇಳಿ ತಿಳಿದುಕೊಂಡೇ ಕೊಳ್ಳಬೇಕು.

ಕಾರ್ಡಿನ ಮೇಲೆ ಇನ್ನೂ ಏನೇನೋ ಗುರುತುಗಳಿರುತ್ತವೆ. ಯು ಅಕ್ಷರದ ಒಳಗೆ 3 ಇದ್ದರೆ ಅದು ಯುಎಚ್‌ಎಸ್-3 ಅಂತ ತಿಳಿಯಬೇಡಿ, ಎರಡಕ್ಕೂ ಸಂಬಂಧವೇ ಇಲ್ಲ. ಯು3, ವಿ30, ವಿ60, ವಿ90 ಇವೆಲ್ಲ ವಿಡಿಯೋ ತೆಗೆಯುವಾಗ ಬರೆಯುವ ವೇಗ ಎಷ್ಟಕ್ಕಿಂತ ಕೆಳಗೆ ಇಳಿಯುವುದಿಲ್ಲ ಅನ್ನುವ ಭರವಸೆ. ವಿ90 ಅಂದರೆ ಸೆಕೆಂಡಿಗೆ 90 ಎಂಬಿ. ರೀಡರಿನಲ್ಲಿ ಕಾರ್ಡನ್ನು ಎಷ್ಟು ವೇಗವಾಗಿ ಓದಬಹುದು ಅನ್ನುವುದಕ್ಕೆ ಆ ಸಂಖ್ಯೆ ಉತ್ತರ ಕೊಡುವುದಿಲ್ಲ.

ಇನ್ನೊಂದು ವಿಷಯ ನನ್ನನ್ನು ಬಹಳ ದಿನ ಕಾಡಿತ್ತು. ಕೆಲವು ಯುಎಚ್‌ಎಸ್-1 ಕಾರ್ಡುಗಳ ಮೇಲೆ 170, 200 ಎಂಬಿ ಅಂತ ಬರೆದಿರುತ್ತದೆ. ಮಿತಿಯೇ 104 ಆದರೆ ಇದು ಹೇಗೆ? ತಯಾರಕರು ಎಸ್‌ಡಿ ನಿಯಮದ ಆಚೆ ತಮ್ಮದೇ ಒಂದು ವಿಧಾನ ಹಾಕಿಕೊಂಡಿದ್ದಾರೆ. ಆ ವಿಧಾನ ಗೊತ್ತಿರುವ ರೀಡರ್ ಇದ್ದರೆ ಮಾತ್ರ, ಬಹುತೇಕ ಅದೇ ಕಂಪನಿಯ ರೀಡರ್, ಆ ವೇಗ ಸಿಗುತ್ತದೆ. ಕ್ಯಾಮೆರಾದಲ್ಲಿ ಸಿಗುವುದಿಲ್ಲ, ಸಾಮಾನ್ಯ ರೀಡರಿನಲ್ಲಿ ಸಿಗುವುದಿಲ್ಲ. ಅಲ್ಲಿ 85–95 ಎಂಬಿಗೆ ನಿಂತುಬಿಡುತ್ತದೆ. ಇದು ಮೋಸ ಅಂತ ನಾನು ಹೇಳುವುದಿಲ್ಲ, ಸರಿಯಾದ ರೀಡರ್ ಇಟ್ಟರೆ ನಿಜವಾಗಿಯೂ ಬರುತ್ತದೆ. ಇಂಥ ಕಾರ್ಡುಗಳೇ ನಿಮ್ಮ ಹತ್ತಿರ ನಾಲ್ಕೈದು ಇದ್ದರೆ, ಅದೇ ಕಂಪನಿಯ ರೀಡರ್ ಕೊಳ್ಳುವುದು ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ. ಯುಎಚ್‌ಎಸ್-2 ರೀಡರ್ ತಂದರೆ ಈ ಕಾರ್ಡುಗಳಿಗೆ ಏನೂ ಲಾಭ ಇಲ್ಲ, ಅವಕ್ಕೆ ಎರಡನೇ ಸಾಲೇ ಇಲ್ಲವಲ್ಲ.

ಯುಎಚ್‌ಎಸ್-3 ಅಂತ 2017ರಲ್ಲಿ ಬಂತು, ಕ್ಯಾಮೆರಾ ತಯಾರಕರು ಅದರ ಕಡೆ ತಿರುಗಿ ನೋಡಲಿಲ್ಲ. ಮರುವರ್ಷ ಎಸ್‌ಡಿ ಎಕ್ಸ್‌ಪ್ರೆಸ್ ಬಂತು. ಅದನ್ನು ಯುಎಚ್‌ಎಸ್-2 ರೀಡರಿಗೆ ಹಾಕಿದರೆ ಯುಎಚ್‌ಎಸ್-1ರ ವೇಗಕ್ಕೆ ಇಳಿಯುತ್ತದೆ, ಎರಡನೇ ಸಾಲಿನ ಪಿನ್ನುಗಳನ್ನು ಅದು ಬೇರೆ ಕೆಲಸಕ್ಕೆ ಬಳಸುವುದರಿಂದ. ಫೋಟೋ ತೆಗೆಯುವವರು ಸದ್ಯಕ್ಕೆ ಇವೆರಡನ್ನೂ ಮರೆತರೆ ನಷ್ಟವಿಲ್ಲ.

ಈಗ ಕಂಪ್ಯೂಟರ್ ಕಡೆ. ಯುಎಸ್‌ಬಿ ಹೆಸರುಗಳನ್ನು ಇಟ್ಟವರು ಸಾಮಾನ್ಯ ಜನರನ್ನು ಸ್ವಲ್ಪವೂ ನೆನೆಸಿಕೊಳ್ಳಲಿಲ್ಲ, ಈ ಬಗ್ಗೆ ನನಗೆ ನಿಜವಾಗಿಯೂ ಬೇಸರ ಇದೆ. 2008ರಲ್ಲಿ ಯುಎಸ್‌ಬಿ 3.0 ಬಂತು, 5 ಗಿಗಾಬಿಟ್. ಆಮೇಲೆ ಅದನ್ನೇ 3.1 ಜೆನ್ 1 ಅಂದರು. ಮತ್ತೆ ಅದನ್ನೇ 3.2 ಜೆನ್ 1 ಅಂದರು. ಮೂರೂ ಒಂದೇ. ಹಾಗಾಗಿ ಡಬ್ಬಿಯ ಮೇಲಿನ 3.0, 3.1, 3.2 ಬಿಟ್ಟುಬಿಡಿ. 5 ಗಿಗಾಬಿಟ್ಟೋ 10 ಗಿಗಾಬಿಟ್ಟೋ ಅನ್ನುವುದಷ್ಟನ್ನೇ ನೋಡಿ. 5 ಗಿಗಾಬಿಟ್‌ನಲ್ಲಿ ಪ್ರತಿ 10 ಬಿಟ್‌ಗೆ 8 ಮಾತ್ರ ನಮ್ಮ ಡೇಟಾ, ಹಾಗಾಗಿ ಮಿತಿ 500 ಎಂಬಿ, ಕೈಗೆ ಸಿಗುವುದು 400 ಚಿಲ್ಲರೆ. ಎಸ್‌ಡಿ ಯುಎಚ್‌ಎಸ್-2 ಕಾರ್ಡಿಗೆ ಅಷ್ಟು ಧಾರಾಳ ಸಾಕು. ಎಸ್‌ಡಿ ಕಾರ್ಡ್ ಮಾತ್ರ ಬಳಸುವವರು 10 ಗಿಗಾಬಿಟ್ ರೀಡರಿಗೆ ಜಾಸ್ತಿ ಹಣ ಕೊಡಬೇಕಾಗಿಲ್ಲ. ಒಂದೇ ರೀಡರಿನಲ್ಲಿ ಎರಡು ಕಾರ್ಡ್ ಒಟ್ಟಿಗೆ ಓದಿಸುವವರಾದರೆ ಬೇರೆ ಮಾತು, ಯಾಕೆಂದರೆ ಎರಡೂ ಆ 400ನ್ನೇ ಹಂಚಿಕೊಳ್ಳಬೇಕು. ಎರಡು ಸ್ಲಾಟ್ ಇರುವ ಎಲ್ಲ ರೀಡರುಗಳೂ ಎರಡನ್ನೂ ಏಕಕಾಲಕ್ಕೆ ಓದುವುದಿಲ್ಲ ಅನ್ನುವುದೂ ನೆನಪಿರಲಿ. ಕೆಲವು ಒಂದಾದ ಮೇಲೆ ಒಂದನ್ನು ಮಾತ್ರ ಓದುತ್ತವೆ.

ಪೋರ್ಟಿನ ಆಕಾರ ನೋಡಿ ವೇಗ ಹೇಳಲು ಆಗುವುದಿಲ್ಲ. ಟೈಪ್-ಸಿ ಅನ್ನುವುದು ಬಾಯಿಯ ಆಕಾರ ಅಷ್ಟೇ, ಅದರ ಹಿಂದೆ 480 ಮೆಗಾಬಿಟ್ ಇರಬಹುದು, 40 ಗಿಗಾಬಿಟ್ ಕೂಡ ಇರಬಹುದು. ಹಳೆಯ ಚಪ್ಪಟೆ ಪೋರ್ಟಾದರೆ ಒಳಗೆ ನೀಲಿ ಪ್ಲಾಸ್ಟಿಕ್ ಇದೆಯಾ ನೋಡಿ, ಇದ್ದರೆ ಬಹುತೇಕ 3.0. ಆ ಚಪ್ಪಟೆ ಪ್ಲಗ್ಗಿನಲ್ಲಿ ಒಂದು ವಿಚಿತ್ರ ಇದೆ. ಅದರಲ್ಲಿ ಹಳೆಯ ವೇಗದ 4 ಪಿನ್ನುಗಳ ಜೊತೆಗೆ ಹೊಸ ವೇಗಕ್ಕೆ ಇನ್ನೂ 5 ಪಿನ್ನುಗಳಿವೆ. ತೀರಾ ನಿಧಾನವಾಗಿ, ಅಥವಾ ಅರ್ಧಂಬರ್ಧ ತೂರಿಸಿದರೆ ಕೆಲವೊಮ್ಮೆ ಕಂಪ್ಯೂಟರ್ ಅದನ್ನು 2.0 ಅಂತಲೇ ಗುರುತಿಸಿಬಿಡುತ್ತದೆ. ವೇಗ ಇದ್ದಕ್ಕಿದ್ದಂತೆ ಬಿದ್ದಿದೆ ಅನ್ನಿಸಿದರೆ ಒಮ್ಮೆ ಕಿತ್ತು, ಗಟ್ಟಿಯಾಗಿ ಒಂದೇ ಸಲಕ್ಕೆ ಹಾಕಿ ನೋಡಿ. ಮ್ಯಾಕ್‌ನಲ್ಲಿ ಸಿಸ್ಟಮ್ ಮಾಹಿತಿಯ ಯುಎಸ್‌ಬಿ ಪುಟ ತೆರೆದರೆ ರೀಡರ್ ಯಾವ ವೇಗದಲ್ಲಿ ಕೂತಿದೆ ಅಂತ ಬರೆದಿರುತ್ತದೆ. ಒಂದು ಪೋರ್ಟನ್ನು ಹಲವು ಮಾಡಿಕೊಡುವ ಹಬ್ ಮೂಲಕ ಹಾಕುವವರು ಅದೇ ಹಬ್ಬಿನಲ್ಲಿ ಹೊರಗಿನ ಡಿಸ್ಕ್ ಕೂಡ ಹಾಕಿದ್ದರೆ ಎರಡೂ ಒಂದೇ ದಾರಿಯಲ್ಲಿ ಓಡಾಡಬೇಕಾಗುತ್ತದೆ. ರೀಡರನ್ನು ನೇರ ಕಂಪ್ಯೂಟರಿಗೆ ಹಾಕುವುದು ನನ್ನ ಅಭ್ಯಾಸ.

ಕೇಬಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಾನು ಕೊನೆಯದಾಗಿ ಅನುಮಾನಪಟ್ಟಿದ್ದು ಅದರ ಮೇಲೆ. ಹೊಸ ಯುಎಚ್‌ಎಸ್-2 ರೀಡರ್ ತಂದ ದಿನ ಬಹಳ ಖುಷಿಯಲ್ಲಿ ಕಾರ್ಡ್ ಹಾಕಿದೆ. ಸೆಕೆಂಡಿಗೆ 38 ಎಂಬಿ. ಹಳೆಯದರಷ್ಟೇ! ಕಾರ್ಡ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ. ಅದೇ 38. ರೀಡರೇ ಕೆಟ್ಟದ್ದು ಅಂತ ವಾಪಸ್ ಕೊಡಲು ಡಬ್ಬಿಗೆ ತುಂಬುತ್ತಿದ್ದಾಗ ರಟ್ಟಿನ ಅಡಿಯಲ್ಲಿ ಒಂದು ಗಿಡ್ಡ ಕೇಬಲ್ ಸಿಕ್ಕಿತು. ಅಲ್ಲಿಯವರೆಗೆ ನಾನು ಬಳಸುತ್ತಿದ್ದದ್ದು ಮೇಜಿನ ಮೇಲೆ ಬಿದ್ದಿದ್ದ ಫೋನ್ ಚಾರ್ಜರಿನ ಕೇಬಲ್. ಎರಡೂ ತುದಿ ಟೈಪ್-ಸಿ, ಉದ್ದವಾಗಿ, ಮೆತ್ತಗೆ, ನೋಡಲು ಚೆಂದ. ಆದರೆ ಫೋನ್ ಚಾರ್ಜ್ ಮಾಡಲು ಮಾಡಿದ ಎಷ್ಟೋ ಕೇಬಲ್‌ಗಳ ಒಳಗೆ ಡೇಟಾಗೆ ಇರುವುದು ಯುಎಸ್‌ಬಿ 2.0ರ ತಂತಿಗಳು ಮಾತ್ರ. ವೇಗದ ಡೇಟಾಗೆ ಬೇಕಾದ ಜೋಡಿ ತಂತಿಗಳೇ ಅದರಲ್ಲಿ ಇರುವುದಿಲ್ಲ. ಗಿಡ್ಡ ಕೇಬಲ್ ಹಾಕಿದೆ. 240 ಎಂಬಿ ದಾಟಿತು. ಆ ಕೇಬಲ್ ದಪ್ಪ, ಬಿರುಸು, ಸುತ್ತಿಡಲು ಬರುವುದಿಲ್ಲ. ಅದರ ಎರಡೂ ತುದಿಗೆ ಕೆಂಪು ದಾರ ಸುತ್ತಿಟ್ಟಿದ್ದೇನೆ. ಮನೆಯಲ್ಲಿ ಯಾರೂ ಅದರಲ್ಲಿ ಫೋನ್ ಚಾರ್ಜ್ ಮಾಡುವ ಹಾಗಿಲ್ಲ.

ಡಿಸ್ಕ್ ಕೂಡ ಇದೇ ಕಥೆ. ತಿರುಗುವ ಹಾರ್ಡ್ ಡಿಸ್ಕಿಗೆ ನೇರ ಕಾಪಿ ಮಾಡುವವರಿಗೆ ಸೆಕೆಂಡಿಗೆ 100ರಿಂದ 200 ಎಂಬಿ ಸಿಕ್ಕರೆ ಪುಣ್ಯ. ಅದರ ಮುಂದೆ ಎಷ್ಟು ವೇಗದ ರೀಡರ್ ಇಟ್ಟರೂ ಅಷ್ಟೇ. ಮೊದಲು ಎಸ್‌ಎಸ್‌ಡಿಗೆ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕಿಗೆ, ಇಳಿಸಿಕೊಂಡು ಅಲ್ಲಿಂದ ಹಾರ್ಡ್ ಡಿಸ್ಕಿಗೆ ಕಳಿಸುವುದು ಒಳ್ಳೆಯದು. ಎಸ್‌ಎಸ್‌ಡಿಗಳಲ್ಲೂ ಅಗ್ಗದವು ಮೊದಲ ಕೆಲವು ಜಿಬಿ ಜೋರಾಗಿ ಬರೆದುಕೊಂಡು ಆಮೇಲೆ ಏದುಸಿರು ಬಿಡುತ್ತವೆ. ಫೋಟೋ ಸಾಫ್ಟ್‌ವೇರ್ ಮೂಲಕ ಇಳಿಸಿಕೊಳ್ಳುವವರು ಇನ್ನೊಂದು ನೋಡಬೇಕು. ಕಾಪಿಯ ಜೊತೆಜೊತೆಗೆ ಅದು ದೊಡ್ಡ ಪ್ರಿವ್ಯೂಗಳನ್ನು ತಯಾರಿಸಲು ಕೂತರೆ, ಅಷ್ಟು ಹೊತ್ತು ಕಾಯಿಸುವುದು ನಿಮ್ಮ ಪ್ರೊಸೆಸರ್. ಬೈಸಿಕೊಳ್ಳುವುದು ಮಾತ್ರ ರೀಡರ್.

ನಿಮ್ಮ ಪೈಪಿನ ಸಣ್ಣ ತುಂಡು ಯಾವುದು ಅಂತ ಕಂಡುಹಿಡಿಯಲು ದೊಡ್ಡ ಉಪಕರಣ ಬೇಡ. ಕಾರ್ಡಿನಲ್ಲಿರುವ ಒಂದು ದೊಡ್ಡ ವಿಡಿಯೋ ಫೈಲ್ ತೆಗೆದುಕೊಳ್ಳಿ, 3–4 ಜಿಬಿ ಇರಲಿ. ಗಡಿಯಾರ ನೋಡಿಕೊಂಡು ಕಾಪಿ ಮಾಡಿ. 4 ಜಿಬಿ 100 ಸೆಕೆಂಡ್ ತೆಗೆದುಕೊಂಡರೆ 40 ಎಂಬಿ, ಅಂದರೆ ಎಲ್ಲೋ ಒಂದು ಕಡೆ ಯುಎಸ್‌ಬಿ 2.0 ಅಡಗಿ ಕೂತಿದೆ. 45 ಸೆಕೆಂಡ್ ಆದರೆ 90ರ ಆಸುಪಾಸು, ಯುಎಚ್‌ಎಸ್-1ರ ಗೋಡೆ. ಎರಡನೇ ಸಲ ಅಳೆಯುವ ಮೊದಲು ಕಾರ್ಡನ್ನು ಸರಿಯಾಗಿ ಎಜೆಕ್ಟ್ ಮಾಡಿ, ತೆಗೆದು ಮತ್ತೆ ಹಾಕಿ. ಇಲ್ಲದಿದ್ದರೆ ಕಂಪ್ಯೂಟರ್ ತನ್ನ ಮೆಮೊರಿಯಲ್ಲಿ ಇಟ್ಟುಕೊಂಡ ಫೈಲನ್ನೇ ಮತ್ತೆ ಕೊಟ್ಟು, ಇಲ್ಲದ ವೇಗ ತೋರಿಸುತ್ತದೆ. ಸಣ್ಣ ಸಣ್ಣ ಸಾವಿರ ಫೈಲುಗಳಿಗೆ ವೇಗ ಕಡಿಮೆ ಬಂದರೆ ಗಾಬರಿ ಬೇಡ. ಪ್ರತಿ ಫೈಲಿಗೂ ತೆರೆಯುವ, ಮುಚ್ಚುವ ಕೆಲಸ ಇರುತ್ತದೆ.

ಲ್ಯಾಪ್‌ಟಾಪಿನಲ್ಲೇ ಸ್ಲಾಟ್ ಇದೆಯಲ್ಲ ಅಂತ ಕೇಳಬಹುದು. ಒಳ್ಳೆಯದಿದ್ದರೆ ಅದಕ್ಕಿಂತ ಸುಖ ಬೇರೆ ಇಲ್ಲ. ಆಪಲ್ 2016ರಲ್ಲಿ ಮ್ಯಾಕ್‌ಬುಕ್ ಪ್ರೊದಿಂದ ಎಸ್‌ಡಿ ಸ್ಲಾಟ್ ತೆಗೆದುಹಾಕಿ, 2021ರಲ್ಲಿ 14 ಮತ್ತು 16 ಇಂಚಿನ ಮಾದರಿಗಳಲ್ಲಿ ವಾಪಸ್ ತಂದಿತು, ಅದು ಯುಎಚ್‌ಎಸ್-2 ಸ್ಲಾಟ್. ಆದರೆ ಎಲ್ಲ ಲ್ಯಾಪ್‌ಟಾಪುಗಳಲ್ಲೂ ಹಾಗಿಲ್ಲ. ಕೆಲವು ಸ್ಲಾಟುಗಳು ಒಳಗೊಳಗೇ ಯುಎಸ್‌ಬಿ 2.0 ತಂತಿಗೆ ಜೋಡಿಸಿರುತ್ತವೆ. ಮೇಲೆ ಹೇಳಿದ ಹಾಗೆ ಒಮ್ಮೆ ಅಳೆದು ನೋಡಿ. ಕ್ಯಾಮೆರಾವನ್ನೇ ಕೇಬಲಿನಲ್ಲಿ ಕಂಪ್ಯೂಟರಿಗೆ ಜೋಡಿಸುವುದನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಎಷ್ಟೋ ಕ್ಯಾಮೆರಾಗಳಲ್ಲಿ ಅದು ನಿಧಾನ. ಬ್ಯಾಟರಿ ನಡುವೆ ಮುಗಿದರೆ ಕಾಪಿ ಅರ್ಧಕ್ಕೆ ನಿಲ್ಲುತ್ತದೆ, ಆ ಅರ್ಧ ಅನ್ನುವ ಮಾತೇ ನನಗೆ ಈಗ ಆಗುವುದಿಲ್ಲ.

ದೊಡ್ಡ ಕ್ಯಾಮೆರಾ ಇರುವವರಿಗೆ ಸಿಎಫ್‌ಎಕ್ಸ್‌ಪ್ರೆಸ್ ಅನ್ನುವ, ಎಸ್‌ಡಿಗಿಂತ ವೇಗದ ಬೇರೆ ತರದ ಕಾರ್ಡ್ ಇದೆ. ಅದರಲ್ಲಿ ಟೈಪ್ ಎ ಚಿಕ್ಕದು, ಟೈಪ್ ಬಿ ದೊಡ್ಡದು, ಒಂದರ ರೀಡರಿಗೆ ಇನ್ನೊಂದು ಹೋಗುವುದಿಲ್ಲ. 2019ರ 2.0 ಆವೃತ್ತಿಯಲ್ಲಿ ಟೈಪ್ ಎ ಮಿತಿ ಸೆಕೆಂಡಿಗೆ 1000 ಎಂಬಿ, ಟೈಪ್ ಬಿ ಮಿತಿ 2000. 2023ರ 4.0 ಆವೃತ್ತಿ ಎರಡನ್ನೂ ದುಪ್ಪಟ್ಟು ಮಾಡಿತು. ಇಲ್ಲಿ 5 ಗಿಗಾಬಿಟ್ ರೀಡರ್ ಕೊಂಡರೆ ದೊಡ್ಡ ನಲ್ಲಿಗೆ ಸಣ್ಣ ಪೈಪು ಹಾಕಿದ ಹಾಗೆ. ಕನಿಷ್ಠ 10 ಗಿಗಾಬಿಟ್ ಇರಲಿ. ಅದರಲ್ಲಿ 900 ಎಂಬಿ ಬಂದರೂ 64 ಜಿಬಿ ಒಂದು ನಿಮಿಷದ ಚಿಲ್ಲರೆಯಲ್ಲಿ ಇಳಿಯುತ್ತದೆ. 4.0 ಕಾರ್ಡಿನ ಪೂರ್ತಿ ವೇಗ ಬೇಕಾದರೆ ಯುಎಸ್‌ಬಿ4 ರೀಡರ್ ಬೇಕು, ಕಂಪ್ಯೂಟರಿನಲ್ಲೂ ಅದೇ ಪೋರ್ಟ್ ಇರಬೇಕು. ಹಳೆಯ ಎಕ್ಸ್‌ಕ್ಯೂಡಿ ಕಾರ್ಡ್ ಟೈಪ್ ಬಿ ಆಕಾರದಲ್ಲೇ ಇದ್ದರೂ ಬಹಳಷ್ಟು ಟೈಪ್ ಬಿ ರೀಡರುಗಳು ಅದನ್ನು ಓದುವುದಿಲ್ಲ, ಕೇಳಿಯೇ ಕೊಳ್ಳಬೇಕು. ಈ ಕಾರ್ಡುಗಳು ಕೆಲಸ ಮಾಡುವಾಗ ಚೆನ್ನಾಗಿ ಬಿಸಿಯಾಗುತ್ತವೆ, ಬಿಸಿ ಜಾಸ್ತಿಯಾದರೆ ತಾವೇ ವೇಗ ಇಳಿಸಿಕೊಳ್ಳುತ್ತವೆ. ಅದಕ್ಕೇ ಇವುಗಳ ರೀಡರ್ ಲೋಹದ್ದಾಗಿರಲಿ ಅನ್ನುವುದು. ಅಂದಕ್ಕಲ್ಲ, ಬಿಸಿ ಹೊರಗೆ ಹೋಗಲು. ಮುಟ್ಟಿದಾಗ ರೀಡರ್ ಬೆಚ್ಚಗಿದ್ದರೆ ಅದು ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ.

ಇಷ್ಟೆಲ್ಲ ವೇಗದ ಮಾತಾಡಿದೆ. ಆದರೆ ಎರಡು ರೀಡರ್ ನನ್ನ ಮುಂದೆ ಇಟ್ಟರೆ ಈಗ ನಾನು ಮೊದಲು ನೋಡುವುದು ಸ್ಲಾಟ್. ಕಾರ್ಡ್ ಒಳಗೆ ಹೋಗುವಾಗ ಎರಡೂ ಕಡೆ ಅಂಚು ಹಿಡಿದು ನೇರವಾಗಿ ಹೋಗಬೇಕು. ಕೊನೆಗೆ ಗಟ್ಟಿಯಾಗಿ ಕೂತಿದೆ ಅಂತ ಬೆರಳಿಗೆ ಗೊತ್ತಾಗಬೇಕು. ಹಾಕಿದ ಮೇಲೆ ಮೆಲ್ಲಗೆ ಅಲ್ಲಾಡಿಸಿ ನೋಡುತ್ತೇನೆ. ಆಡಿದರೆ ಬೇಡ, ಎಷ್ಟೇ ವೇಗ ಇರಲಿ. ಹಳೆಯ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಬಳಸಿದವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಅದರಲ್ಲಿ 50 ಸಣ್ಣ ಪಿನ್ನುಗಳು ರೀಡರಿನಲ್ಲೇ ಇರುತ್ತಿದ್ದವು, ಕಾರ್ಡ್ ಓರೆಯಾಗಿ ಹೋಗಿ ಒಂದು ಬಾಗಿದರೂ ರೀಡರ್ ಮುಗಿದ ಹಾಗೆ.

ಕೇಬಲ್ ರೀಡರಿಗೇ ಅಂಟಿಕೊಂಡಿರುವುದಕ್ಕಿಂತ ಬಿಚ್ಚಲು ಬರುವಂಥದ್ದು ಮೇಲು ಅನ್ನುತ್ತೇನೆ. ಮೊದಲು ಸವೆಯುವುದು ಕೇಬಲ್, ಅದನ್ನು ಬದಲಿಸಿದರೆ ರೀಡರ್ ಉಳಿಯುತ್ತದೆ. ಕೇಬಲ್ಲೇ ಇಲ್ಲದೆ ಪೆನ್ ಡ್ರೈವ್ ತರ ನೇರ ತೂರಿಸುವ ಪುಟ್ಟ ರೀಡರುಗಳು ಪ್ರಯಾಣಕ್ಕೆ ಚೆನ್ನಾಗಿವೆ, ಆದರೆ ಲ್ಯಾಪ್‌ಟಾಪ್ ಪಕ್ಕದಲ್ಲಿ ಹೊರಚಾಚಿಕೊಂಡಿರುತ್ತವೆ, ಕೈ ತಗುಲಿದರೆ ಪೋರ್ಟಿಗೇ ಪೆಟ್ಟು. ಸ್ವಲ್ಪ ತೂಕ ಇರುವ ರೀಡರ್ ಮೇಜಿನ ಮೇಲೆ ಅಲ್ಲಾಡದೆ ಕೂರುತ್ತದೆ. ಒಂದು ಕೆಂಪು ಅಥವಾ ಬಿಳಿ ದೀಪ ಇದ್ದು, ಓದುವಾಗ ಮಿನುಗಿದರೆ ಇನ್ನೂ ಒಳ್ಳೆಯದು. ದೀಪ ಮಿನುಗುತ್ತಿರುವಾಗ ಕಾರ್ಡ್ ಮುಟ್ಟಬಾರದು ಅಂತ ಮನೆಯ ಮಕ್ಕಳಿಗೂ ಹೇಳಿಕೊಡಬಹುದು.

ಎಸ್‌ಡಿ ಕಾರ್ಡಿನ ಪಕ್ಕದಲ್ಲಿ ಜಾರುವ ಒಂದು ಸಣ್ಣ ಲಾಕ್ ಇರುತ್ತದೆ ನೋಡಿ. ಅದು ಕಾರ್ಡಿನ ಒಳಗೆ ಏನನ್ನೂ ಮಾಡುವುದಿಲ್ಲ. ಅದು ಎಲ್ಲಿದೆ ಅಂತ ನೋಡುವುದು ರೀಡರಿನ ಒಳಗಿನ ಒಂದು ಸ್ವಿಚ್. ಲಾಕ್ ತೆರೆದಿದ್ದರೂ ‘ಕಾರ್ಡ್ ಲಾಕ್ ಆಗಿದೆ’ ಅಂತ ಬರುತ್ತಿದ್ದರೆ ಆ ಸ್ವಿಚ್ ಸವೆದಿರಬಹುದು. ನನ್ನ ಹಳೆಯ ರೀಡರ್ ಹಾಗೆ ಹೇಳಲು ಶುರು ಮಾಡಿ ಎರಡು ತಿಂಗಳಾಗಿತ್ತು. ಅದು ಸ್ಲಾಟ್ ಸಾಯುತ್ತಿದೆ ಅನ್ನುವ ಸುದ್ದಿ ಅಂತ ನನಗೆ ಆಗ ತಿಳಿಯಲಿಲ್ಲ.

ಈಗ ನನ್ನ ಮೇಜಿನ ಮೇಲೆ ಇರುವುದು ಒಂದೇ ಒಂದು ಎಸ್‌ಡಿ ಸ್ಲಾಟ್ ಇರುವ ಯುಎಚ್‌ಎಸ್-2 ರೀಡರ್, ಅದರ ಕೆಂಪು ದಾರದ ಕೇಬಲ್. ಹತ್ತು ತರದ ಕಾರ್ಡ್ ಓದುವ ದೊಡ್ಡ ಡಬ್ಬಿ ನನಗೆ ಬೇಡ, ನನ್ನ ಹತ್ತಿರ ಇರುವುದು ಒಂದೇ ತರದ ಕಾರ್ಡ್. ಕ್ಯಾಮೆರಾ ಬ್ಯಾಗಿನಲ್ಲಿ ಒಂದು ಸಾಧಾರಣ ರೀಡರ್ ಇನ್ನೊಂದು ಇದೆ, ಇದು ಕೈಕೊಟ್ಟರೆ ಇರಲಿ ಅಂತ. ಕಾಪಿ ಆಗುವಷ್ಟು ಹೊತ್ತು ಎದ್ದು ಹೋಗುವುದಿಲ್ಲ. ಮುಗಿದ ಮೇಲೆ ಕಾರ್ಡಿನಲ್ಲಿ ಎಷ್ಟು ಫೈಲ್, ಫೋಲ್ಡರಿನಲ್ಲಿ ಎಷ್ಟು ಫೈಲ್ ಅಂತ ಎರಡೂ ಸಂಖ್ಯೆ ನೋಡುತ್ತೇನೆ. ಮೊದಲನೆಯದು, ನಡುವಿನ ಹತ್ತಾರು, ಕೊನೆಯದು ತೆರೆದು ಕೆಳಗಿನ ಅಂಚಿನವರೆಗೂ ನೋಡುತ್ತೇನೆ. ಆಮೇಲೆ ಇನ್ನೊಂದು ಡಿಸ್ಕಿಗೆ ಎರಡನೇ ಪ್ರತಿ. ಆ ಡಿಸ್ಕನ್ನೂ ಎಜೆಕ್ಟ್ ಮಾಡಿಯೇ ಕೀಳುತ್ತೇನೆ, ಪರದೆ ‘ಮುಗಿಯಿತು’ ಅಂದರೂ ಕೊನೆಯ ತುಣುಕು ಕಂಪ್ಯೂಟರಿನ ಮೆಮೊರಿಯಲ್ಲೇ ಇನ್ನೂ ಇರಬಹುದು. ಅಲ್ಲಿಯವರೆಗೆ ಕಾರ್ಡ್ ಪೆಟ್ಟಿಗೆಯಲ್ಲಿ ಬೆನ್ನು ಮೇಲಾಗಿ ಇರುತ್ತದೆ. ಎರಡೂ ಪ್ರತಿ ಆದ ಮೇಲೆಯೇ ಅದನ್ನು ಮುಖ ಮೇಲೆ ಮಾಡಿ ಇಡುವುದು.

ಅಜ್ಜಿ ಹೋಗಿ ಈಗ ಎರಡು ವರ್ಷ. ಅವರ ಕನ್ನಡಕ ಕಿತ್ತುಕೊಂಡಿದ್ದ ಮಗುವಿಗೆ ಈಗ ಹಾಲುಹಲ್ಲು ಬೀಳುವ ವಯಸ್ಸು. ಹೋದ ತಿಂಗಳು ಮುಂದಿನ ಎರಡು ಹಲ್ಲು ಒಟ್ಟಿಗೆ ಬಿದ್ದು, ಅದನ್ನು ತೋರಿಸಲು ಬಾಯಿ ಅಗಲ ಮಾಡಿಕೊಂಡು ಓಡಿ ಬಂತು. 19 ಫೋಟೋ ತೆಗೆದೆ. ರೀಡರಿನ ದೀಪ ಮಿನುಗುತ್ತಿದ್ದಾಗ ಪಕ್ಕದಲ್ಲೇ ಕೂತು ‘ಈಗ ಮುಟ್ಟಬಹುದಾ, ಈಗ ಮುಟ್ಟಬಹುದಾ’ ಅಂತ ಕೇಳುತ್ತಲೇ ಇತ್ತು. ದೀಪ ನಿಂತ ಮೇಲೆ ಕಾರ್ಡನ್ನು ಅದರ ಕೈಯಿಂದಲೇ ತೆಗೆಸಿದೆ. ಎರಡು ಬೆರಳಲ್ಲಿ ಅಂಚು ಹಿಡಿದು, ಉಸಿರು ಬಿಗಿಹಿಡಿದು, ಪೆಟ್ಟಿಗೆಯಲ್ಲಿ ಬೆನ್ನು ಮೇಲಾಗಿ ಇಟ್ಟಿತು.